ಮೂರೂವರೆ ವರ್ಷದ ಬಟ್ಟೆಗಳು

ಮಗು ನಮ್ಮ ಮನೆಗೆ ಬಂದಾಗ ಅದಕ್ಕೆ ಎರಡು ತಿಂಗಳು. ಎತ್ತಿಕೊಂಡು ಬಂದವಳು ಅದನ್ನು ಹೆತ್ತ ನನ್ನ ತಂಗಿಯಲ್ಲ, ನಮ್ಮಮ್ಮ. ಕುಶಾಲನಗರದ ಹತ್ತಿರದ ನಮ್ಮ ಊರಿನಿಂದ ಹೊರಟು, ಸಿದ್ದಾಪುರದಲ್ಲಿ ಬಸ್ಸು ಬದಲಾಯಿಸಿ, ಅಮ್ಮತ್ತಿಯಲ್ಲಿ ಇಳಿದು ಬಂದಿದ್ದಳು. ಮಗುವಿನ ಜೊತೆಗೆ ಒಂದು ಡಬ್ಬಿ ಹಾಲಿನ ಪುಡಿ, ಒಂದು ಬಟ್ಟೆಯ ಚೀಲ. ಚೀಲದಲ್ಲಿ ನಾಲ್ಕು ಜಬಲ, ಎರಡು ಕುಲಾವಿ, ಹಳೆ ಪಂಚೆ ಹರಿದು ಮಾಡಿದ ಒಂದಷ್ಟು ಲಂಗೋಟಿ.

ನನಗೆ ಮದುವೆಯಾಗಿ ಆಗ ಒಂಬತ್ತು ವರ್ಷ. ಗಂಡ ಅಮ್ಮತ್ತಿಯ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಕೆಲಸಗಾರರ ಲೈನುಮನೆಗಳ ಹತ್ತಿರ ನಿಂತು ಅವರ ಹಾಜರಿ ಬರೆಯುವುದು, ಮಧ್ಯಾಹ್ನ ಊಟಕ್ಕೆ ಬಂದು ಹೋಗುವುದು, ಸಂಜೆ ಬಂದು ರೇಡಿಯೋ ಕೇಳುವುದು. ಜಗಳವಾಡದ ಮನುಷ್ಯ. ಮಕ್ಕಳಾಗಲಿಲ್ಲ ಅಂತ ಒಂದು ದಿನವೂ ನನ್ನನ್ನು ಅಂದವರಲ್ಲ. ಆದರೆ ಯಾರಾದರೂ ಅಂದರೆ ಅವರಿಗೆ ಎದುರು ಹೇಳಿದವರೂ ಅಲ್ಲ.

ತಂಗಿಗೆ ಮೊದಲ ಎರಡೂ ಹೆಣ್ಣು. ಮೂರನೆಯದೂ ಹೆಣ್ಣಾದಾಗ ಅವಳ ಅತ್ತೆ ಬಾಣಂತಿಯ ಕೋಣೆಗೆ ಕಾಲಿಡಲಿಲ್ಲವಂತೆ. ಗಂಡ ಶುಂಠಿ ಗದ್ದೆಯ ಗುಡಿಸಲಲ್ಲೇ ಉಳಿದುಬಿಟ್ಟನಂತೆ. ಆಗ ನಮ್ಮಮ್ಮನಿಗೆ ಈ ಯೋಚನೆ ಹೊಳೆಯಿತು. ಒಬ್ಬ ಮಗಳಿಗೆ ಬೇಡವಾದದ್ದು ಇನ್ನೊಬ್ಬ ಮಗಳಿಗೆ ಬೇಕಾಗಿತ್ತು. ದತ್ತು ಪತ್ರ ಮಾಡಿಸಬೇಕಲ್ಲವಾ ಅಂತ ನಾನು ಕೇಳಿದೆ. ಅಕ್ಕತಂಗಿಯರ ನಡುವೆ ಎಂಥ ಪತ್ರ ಅಂತ ಅಮ್ಮ ಗದರಿದಳು. ನನ್ನ ಗಂಡ ಊರಿನವರದ್ದೆಲ್ಲ ಬರೆದಿಡುವ ಮನುಷ್ಯ. ಇದೊಂದನ್ನು ಮಾತ್ರ ಬರೆದಿಡಲಿಲ್ಲ.

ಆ ಮೂರೂವರೆ ವರ್ಷದ ಬಗ್ಗೆ ಹೆಚ್ಚು ಹೇಳುವುದು ಬೇಡ. ಎಲ್ಲ ತಾಯಂದಿರೂ ಮಾಡುವುದನ್ನೇ ಮಾಡಿದೆ. ಹಲ್ಲು ಬರುವಾಗ ಜ್ವರ ಬಂತು, ವಿರಾಜಪೇಟೆಯ ಡಾಕ್ಟರ ಹತ್ತಿರ ಓಡಿದೆ. ಕಾಫಿ ಒಣಹಾಕುವ ಕಣದಲ್ಲಿ ಕುಳಿತು ಹಣ್ಣಿನ ಅಂಟನ್ನು ಮೈಗೆಲ್ಲ ಬಳಿದುಕೊಂಡಳು, ಸೋಪು ಹಾಕಿ ತಿಕ್ಕಿದರೂ ಅಂಗಿಯ ಕಲೆ ಹೋಗಲಿಲ್ಲ. ನನ್ನನ್ನು ಅಮ್ಮ ಅನ್ನುತ್ತಿದ್ದಳು. ತಂಗಿ ವರ್ಷಕ್ಕೆ ಒಮ್ಮೆಯೋ ಎರಡು ಸಲವೋ ಬಂದಾಗ ಅವಳನ್ನು ಚಿಕ್ಕಮ್ಮ ಅನ್ನುತ್ತಿದ್ದಳು. ಹಾಗೆ ಅನ್ನು ಅಂತ ಹೇಳಿಕೊಟ್ಟವಳು ತಂಗಿಯೇ. ಬಟ್ಟೆ ಚಿಕ್ಕದಾದ ಹಾಗೆಲ್ಲ ಒಗೆದು, ಇಸ್ತ್ರಿ ಮಾಡಿ, ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಡುತ್ತಿದ್ದೆ. ಲೈನಿನ ಹೆಂಗಸರು ತಮ್ಮ ಮಕ್ಕಳಿಗೆ ಕೇಳುತ್ತಿದ್ದರು. ಹೊಸದು ಬೇಕಾದರೆ ಕೊಡಿಸುತ್ತಿದ್ದೆ, ಇವುಗಳಲ್ಲಿ ಒಂದನ್ನೂ ಕೊಡಲಿಲ್ಲ. ಯಾಕೆ ಅಂತ ಆಗ ಯಾರಾದರೂ ಕೇಳಿದ್ದರೆ ಉತ್ತರ ಗೊತ್ತಿರಲಿಲ್ಲ.

ಆಮೇಲೆ ತಂಗಿಯ ಎರಡನೇ ಮಗಳಿಗೆ ಜ್ವರ ಬಂತು. ಆರು ವರ್ಷದ ಹುಡುಗಿ. ಮೊದಲ ಎರಡು ದಿನ ಮನೆಯಲ್ಲೇ ಕಷಾಯ ಕುಡಿಸಿದರು, ಮೂರನೇ ದಿನ ಮೈಸೂರಿಗೆ ಕರೆದುಕೊಂಡು ಹೋದರು, ನಾಲ್ಕನೇ ದಿನ ಹೆಣ ತಂದರು. ನಾವು ಮಗುವನ್ನು ಕರೆದುಕೊಂಡೇ ಹೋಗಿದ್ದೆವು. ತಂಗಿ ಅಳುತ್ತಿರಲಿಲ್ಲ. ನನ್ನ ಸೊಂಟದ ಮೇಲಿದ್ದ ಮಗುವನ್ನು ನೋಡುತ್ತಿದ್ದಳು. ಆ ನೋಟ ನನಗೆ ಅಲ್ಲೇ ಅರ್ಥವಾಯಿತು.

ಮೂರು ವಾರ ಕಳೆದ ಮೇಲೆ ಅಮ್ಮನೂ ಅವಳೂ ಬಂದರು. ಜಗಲಿಯ ಮೇಲೆ ಕೂತರು, ನಾನು ಕೊಟ್ಟ ಕಾಫಿ ಮುಟ್ಟಲಿಲ್ಲ.

"ಅಕ್ಕ, ನನ್ ಮಗೂನ ನಂಗೆ ಕೊಡು," ಅಂದಳು ತಂಗಿ.

ನಾನು ಆಗ ಆಡಿದ ಮಾತನ್ನು ಬರೆಯಲೇಬೇಕು. ಅದನ್ನು ಬಿಟ್ಟರೆ ನಾನು ಹೇಳುವುದೆಲ್ಲ ಸುಳ್ಳಾಗುತ್ತದೆ. "ನಿಂಗೆ ಇನ್ನೂ ಒಬ್ಬಳಿದಾಳಲ್ಲ," ಅಂದೆ. ಮಗಳು ಸತ್ತು ಮೂರು ವಾರವಾದ ತಾಯಿಗೆ ಹಾಗೆ ಅಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ನಿಂಗೆ ಗೊತ್ತಾಗಲ್ಲ ಬಿಡು. ಹೆತ್ತಿದ್ರೆ ಗೊತ್ತಾಗ್ತಿತ್ತು."

ಅಲ್ಲಿಗೆ ನಮ್ಮಿಬ್ಬರ ನಡುವೆ ಮಾತಾಡುವುದಕ್ಕೆ ಏನೂ ಉಳಿಯಲಿಲ್ಲ. ಉಳಿದದ್ದನ್ನು ಅಮ್ಮ ಮಾತಾಡಿದಳು. ಒಂದು ಜೀವ ಹೋಗಿದೆ, ಇವಳ ತಲೆ ಕೆಟ್ಟರೆ ಇನ್ನೊಂದು ಹೋಗುತ್ತದೆ, ನೀನು ಸಾಕಿದ್ದೀಯ ಅಷ್ಟೆ, ಹೊಟ್ಟೆಯಲ್ಲಿ ಹೊತ್ತವಳ ಸಂಕಟ ಬೇರೆ, ಹೀಗೆ. ಮೂರೂವರೆ ವರ್ಷದ ಹಿಂದೆ ಪತ್ರ ಬೇಡ ಅಂದವಳೇ ಈಗ ಪತ್ರ ಎಲ್ಲಿದೆ ಅಂತ ಕೇಳಿದಳು. ನಾನು ಗಂಡನ ಮುಖ ನೋಡಿದೆ. ಅವರು ಎದ್ದು ಅಂಗಳಕ್ಕೆ ಇಳಿದು ನಿಂತರು. "ಅವರ ಮಗು. ನಾವೇನು ಮಾಡಕ್ಕಾಗುತ್ತೆ," ಅಂದರು, ನನಗಲ್ಲ, ಎದುರಿನ ಸಿಲ್ವರ್ ಮರಕ್ಕೆ ಹೇಳಿದ ಹಾಗೆ.

ಒಂದು ಸೂಟ್‌ಕೇಸಿನಷ್ಟು ಬಟ್ಟೆ ತುಂಬಿದೆ. ತಂಗಿ ಅದರಿಂದ ಎರಡು ಜೊತೆ ಮಾತ್ರ ತೆಗೆದುಕೊಂಡು ಉಳಿದದ್ದನ್ನು ಮಂಚದ ಮೇಲೆ ಸುರಿದಳು. ಅಲ್ಲಿ ಇವಳ ಅಕ್ಕನ ಬಟ್ಟೆ ಬೇಕಾದಷ್ಟಿದೆ ಅಂದಳು. ಹೊರಡುವಾಗ ಅಮ್ಮ ನನ್ನನ್ನು ಅಡುಗೆಮನೆಗೆ ಕಳಿಸಿ ಬಾಗಿಲು ಎಳೆದುಕೊಂಡಳು; ನನ್ನನ್ನು ಕಂಡರೆ ಮಗು ಹಟ ಮಾಡುತ್ತದೆ ಅಂತ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ನಾನು ತೆಗೆಯಲಿಲ್ಲ.

ಎರಡು ತಿಂಗಳ ಮೇಲೆ ನೋಡಲು ಹೋದೆ. ಸತ್ತ ಹುಡುಗಿಯ ನೀಲಿ ಫ್ರಾಕು ತೊಟ್ಟು ಬಾಗಿಲಲ್ಲಿ ನಿಂತಿದ್ದಳು. ಅದು ಕಣಕಾಲಿನವರೆಗೆ ಇಳಿದಿತ್ತು. ನನ್ನನ್ನು ನೋಡಿ ಓಡಿ ಬರಲು ಒಂದು ಹೆಜ್ಜೆ ಇಟ್ಟು ನಿಂತಳು, ತಂಗಿಯ ಮುಖ ನೋಡಿದಳು. "ದೊಡ್ಡಮ್ಮ ಬಂದ್ರು ಅನ್ನು," ಅಂದಳು ತಂಗಿ. ಮಗು ಅಂದಿತು. ಆಮೇಲೆ ನಾನು ಮದುವೆ, ತಿಥಿ ಇದ್ದಾಗ ಮಾತ್ರ ಆ ಊರಿಗೆ ಹೋಗುತ್ತಿದ್ದೆ.

ಇಪ್ಪತ್ತು ವರ್ಷ ಹೀಗೇ ಹೋಯಿತು. ಅಮ್ಮ ತೀರಿಕೊಂಡಳು. ಗಂಡ ನಿವೃತ್ತರಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ವಿರಾಜಪೇಟೆಯ ಅಂಚಿನಲ್ಲಿ ಒಂದು ಚಿಕ್ಕ ಮನೆಗೆ ಬಂದೆವು. ಹುಡುಗಿ ಕುಶಾಲನಗರದಲ್ಲೇ ಕಾಲೇಜು ಮುಗಿಸಿ, ಒಂದು ಕಾಫಿ ಕ್ಯೂರಿಂಗ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾಯಿತು. ಮದುವೆಯಲ್ಲಿ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಹಾಗೆ ಅಲ್ಲಿ ಹದಿನೈದು ಜನ ಹೆಂಗಸರಿಗೆ ಮಾಡಿದಳು. ಕಳೆದ ವರ್ಷ ಅವಳಿಗೆ ಐದು ತಿಂಗಳು ಅಂತ ಸುದ್ದಿ ಬಂದಾಗ ನಾನು ಪೆಟ್ಟಿಗೆ ತೆಗೆದೆ.

ಈ ಊರಿನ ಮಳೆಗಾಲದಲ್ಲಿ ಇಪ್ಪತ್ತು ವರ್ಷ ಬಟ್ಟೆ ಮುಚ್ಚಿಟ್ಟರೆ ಏನಾಗುತ್ತದೋ ಅದೇ ಆಗಿತ್ತು. ಮೇಲಿನವುಗಳಿಗೆಲ್ಲ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಬಿದ್ದಿತ್ತು. ಅಂಗಿಗಳ ಇಲಾಸ್ಟಿಕ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಬಿಸಿನೀರಿನಲ್ಲಿ ನೆನೆಸಿ, ನಿಂಬೆಹಣ್ಣು ಉಜ್ಜಿ, ಮೂರು ದಿನ ಬಿಸಿಲಿಗೆ ಹಾಕಿದೆ. ಕೆಟ್ಟವನ್ನು ಬಿಟ್ಟರೆ ಮೂವತ್ತೊಂದು ಉಳಿದವು. ಅವುಗಳಿಂದ ಹುಟ್ಟುವ ಮಗುವಿಗೆ ಒಂದು ಬೊಂತೆ ಹೊಲಿಯಬೇಕು ಅಂತ ತೀರ್ಮಾನಿಸಿದೆ.

ನಮ್ಮ ಕಡೆ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಕೈಯಲ್ಲೇ ಹೊಲಿಯುವ ಹೊದಿಕೆಗೆ ಬೊಂತೆ ಅನ್ನುತ್ತೇವೆ. ನಮ್ಮಮ್ಮ ವರ್ಷಕ್ಕೆ ಎರಡು ಹೊಲಿಯುತ್ತಿದ್ದಳು. ನಾನು ಕಲಿಯಲಿಲ್ಲ. ಹೊಲಿಗೆ ಯಂತ್ರವಿದ್ದರೂ ನನಗೆ ಬರುತ್ತಿದ್ದುದು ಸೀರೆಗೆ ಫಾಲ್ ಹಾಕುವುದು, ದಿಂಬಿನ ಚೀಲ ಹೊಲಿಯುವುದು, ಅಷ್ಟೆ. ಹಾಗಾಗಿ ಬಟ್ಟೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸಿನ ಹತ್ತಿರ ಹೋದೆ. ಕೇರಳದ ಕಡೆಯವರು, ವಿರಾಜಪೇಟೆಗೆ ಬಂದು ನಲವತ್ತು ವರ್ಷವಾಗಿದೆ. ನನ್ನ ರವಿಕೆಗಳನ್ನೆಲ್ಲ ಅವರೇ ಹೊಲಿಯುವುದು. ನಾವೆಲ್ಲ ಅವರನ್ನು ಚೇಚಿ ಅನ್ನುತ್ತೇವೆ.

ಚೇಚಿ ಗಂಟು ಬಿಚ್ಚಿ ಒಂದೊಂದನ್ನೇ ಬೆರಳಲ್ಲಿ ಎಳೆದು ನೋಡಿದರು. ಬನಿಯನ್ ಬಟ್ಟೆ ಒಂದು ಕಡೆ, ಹತ್ತಿ ಒಂದು ಕಡೆ, ಫ್ಲಾನೆಲ್ ಒಂದು ಕಡೆ ಹಾಕಿದರು. ಸ್ವೆಟರನ್ನು ವಾಪಸ್ ಕೊಟ್ಟರು, ಕತ್ತರಿಸಿದರೆ ಬಿಚ್ಚಿಕೊಂಡು ಹೋಗುತ್ತದೆ ಅಂತ. "ಬನಿಯನ್ ಬಟ್ಟೆ ಎಳೀತದೆ. ಅಡೀಲಿ ತೆಳು ಬಟ್ಟೆ ಕೊಟ್ಟು ಹೊಲೀಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬುತದೆ," ಅಂದರು. ಆಮೇಲೆ ಒಂದು ಕುಲಾವಿಯನ್ನು ಮುಷ್ಟಿಗೆ ತೊಡಿಸಿ ನೋಡುತ್ತಾ ಕೇಳಿದರು, "ಮಗಳದ್ದಾ?"

"ಹೌದು," ಅಂದೆ. ಹಾಗೆ ಬಾಯಿಬಿಟ್ಟು ಹೇಳಿ ಇಪ್ಪತ್ತು ವರ್ಷವಾಗಿತ್ತು.

ಹೊಲಿಯುವ ಕ್ರಮವನ್ನು ಅವರು ಅಂಗಡಿಯ ನೆಲದ ಮೇಲೆ ಕೂತು ತೋರಿಸಿಕೊಟ್ಟರು. ಕೆಳಗೆ ಮೆತ್ತಗಾದ ಹತ್ತಿ ಸೀರೆ, ನಡುವೆ ಹಳೆ ಹೊದಿಕೆ, ಮೇಲೆ ತುಂಡುಗಳು. ಒಂದು ಮೂಲೆಯಿಂದ ಶುರುಮಾಡಿ ಅಂಚಿನುದ್ದಕ್ಕೂ ಸುತ್ತುತ್ತಾ ಒಳಗೆ ಬರಬೇಕು. ಯಂತ್ರ ಬೇಡ, ಮಗುವಿಗೆ ಗಟ್ಟಿಯಾಗುತ್ತದೆ ಅಂದರು.

ಮನೆಗೆ ಬಂದು ಕತ್ತರಿ ಹಿಡಿದು ಕೂತೆ. ಮೊದಲ ಹುಟ್ಟುಹಬ್ಬದ ಕೆಂಪು ಫ್ರಾಕನ್ನು ಮಡಿಲಲ್ಲಿ ಹಾಕಿಕೊಂಡವಳಿಗೆ ಕತ್ತರಿಸಲು ಮನಸ್ಸು ಬರಲಿಲ್ಲ. ಗಂಡ ಪೇಪರಿನಿಂದ ತಲೆಯೆತ್ತಿ, ಹಾಗೇ ಇಟ್ಟರೆ ಆಗುವುದಿಲ್ಲವಾ ಅಂದರು. ಆ ಮಾತು ಕೇಳಿದ್ದೇ ನನಗೆ ಎಲ್ಲಿತ್ತೋ ಸಿಟ್ಟು ಬಂತು. ಕುತ್ತಿಗೆಯಿಂದ ಕೆಳಗಿನವರೆಗೆ ಒಂದೇ ಸಲಕ್ಕೆ ಕತ್ತರಿಸಿದೆ. ಆಮೇಲೆ ಉಳಿದವು ಸುಲಭವಾದವು.

ಎರಡು ತಿಂಗಳ ಮಗುವಿನ ಜಬಲ ಬಿಚ್ಚಿದರೆ ಅಂಗೈಯಗಲದ ತುಂಡು ಸಿಗುತ್ತದೆ, ಅಷ್ಟೇ. ತೋಳು ಬೇರೆ ಮಾಡಿ, ಗುಂಡಿ ಕಿತ್ತು, ಸೊಂಟದ ನಿರಿಗೆ ಬಿಚ್ಚಿ ಇಸ್ತ್ರಿ ಮಾಡಿದೆ. ತುಂಡುಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದೆ. ಒಂದು ಮೂಲೆಯಲ್ಲಿ ಎರಡು ತಿಂಗಳದ್ದು, ಎದುರು ಮೂಲೆಯಲ್ಲಿ ಕಣದ ಕಲೆಯಿದ್ದ ಮೂರು ವರ್ಷದ ಅಂಗಿ. ಇದು ಚೇಚಿ ಹೇಳಿಕೊಟ್ಟದ್ದಲ್ಲ. ಬಣ್ಣ ನೋಡಿ ಜೋಡಿಸಬೇಕು, ಕಡುಬಣ್ಣದ ಪಕ್ಕ ತಿಳಿಬಣ್ಣ ಬರಬೇಕು ಅಂತ ಅವರು ಹೇಳಿದ್ದರು. ನಾನು ಕೇಳಲಿಲ್ಲ. ಮೊದಲ ಸಲದ ಹೊಲಿಗೆ, ಸಾಲು ಸೊಟ್ಟಗಾಯಿತು. ನಡುವೆ ಎರಡು ಕಡೆ ಉಬ್ಬಿತು, ಬಿಚ್ಚಿ ಮತ್ತೆ ಹೊಲಿದೆ, ಆಗಲೂ ಉಬ್ಬಿತು. ಬೆರಳ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಯಿತು. ಮೂರು ತಿಂಗಳು ಹಿಡಿಯಿತು.

ಮುಗಿದ ಮೇಲೆ ಚೇಚಿಗೆ ತೋರಿಸಿದೆ. ಅವರು ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಲಿಗೆ ಬಗ್ಗೆ ಒಂದು ಮಾತೂ ಆಡಲಿಲ್ಲ. ಈ ಮೂಲೆಯಲ್ಲಿ ಮೂರು ವರ್ಷಕ್ಕೇ ಬಟ್ಟೆ ನಿಂತುಹೋಗಿದೆಯಲ್ಲ, ಮಗು ತೀರಿಕೊಂಡಿತಾ ಅಂತ ಮೆಲ್ಲಗೆ ಕೇಳಿದರು. ಇಲ್ಲ, ಚೆನ್ನಾಗಿದ್ದಾಳೆ ಅಂದೆ.

ಹುಡುಗಿಗೆ ಗಂಡು ಮಗುವಾಯಿತು. ಬಾಣಂತನಕ್ಕೆ ತವರಿನಲ್ಲಿದ್ದಳು. ನಾಮಕರಣದ ಹಿಂದಿನ ದಿನ ನಾನು ಬೊಂತೆಯನ್ನು ಹೊಸ ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಗಂಡನಿಗೆ ಮಂಡಿನೋವು, ಬರಲಿಲ್ಲ. ತಂಗಿಯ ಮನೆಯಲ್ಲಿ ನೆಂಟರು ತುಂಬಿದ್ದರು. ಅವಳು ಒಳ್ಳೆಯ ಮಾತಿನಲ್ಲೇ ಕರೆದು, ಕಾಫಿ ಕೊಟ್ಟು, ಬಾಣಂತಿ ಕೋಣೆ ತೋರಿಸಿ ಅಡುಗೆಗೆ ಹೋದಳು.

ಕೋಣೆಯಲ್ಲಿ ಸಾಂಬ್ರಾಣಿ ಹೊಗೆ. ಮಗು ಮಲಗಿತ್ತು. ಹುಡುಗಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಬೊಂತೆಯನ್ನು ಮಂಚದ ಮೇಲೆ ಬಿಡಿಸಿದೆ.

"ನೀವೇ ಹೊಲಿದ್ರಾ ದೊಡ್ಡಮ್ಮ?" ಅಂದಳು. ಸಂತೋಷದಿಂದಲೇ ಅಂದಳು. ಕೈಯಾಡಿಸುತ್ತಾ ಹೋದವಳು ಸ್ವಲ್ಪ ಹೊತ್ತಿಗೆ, ಇವೆಲ್ಲ ಯಾರ ಬಟ್ಟೆ ಅಂತ ಕೇಳಿದಳು.

"ನಿಂದೇ."

ಅವಳು ಮತ್ತೆ ಮೊದಲ ಮೂಲೆಯಿಂದ ನೋಡತೊಡಗಿದಳು. ನಾನು ಜೋಡಿಸಿದ ಕ್ರಮದಲ್ಲೇ ಅವಳ ಕೈ ಹೋಯಿತು. ಕೊನೆಯ ಮೂಲೆ ಮುಟ್ಟಿದ ಮೇಲೆ ಹೇಳಿದಳು, "ನಿಮ್ಮನೇಲಿ ನಾನು ಆರು ತಿಂಗಳಿದ್ದೆ ಅಂತ ಅಮ್ಮ ಹೇಳಿದ್ದು. ಅಮ್ಮಂಗೆ ಹುಷಾರಿರಲಿಲ್ಲ, ಅದಕ್ಕೆ ಅಂತ."

ತಂಗಿ ಬಾಣಂತಿಯ ಊಟದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ ಗೊತ್ತಿಲ್ಲ. "ದೊಡ್ಡಮ್ಮಂಗೆ ವಯಸ್ಸಾಯ್ತು ಕಣೆ, ಮರೆವು," ಅಂದಳು ನಗುತ್ತಾ. "ಯಾವ್ಯಾವ್ದೋ ಮಕ್ಕಳ ಬಟ್ಟೆ ಸೇರಿಸ್ಕೊಂಡಿದಾಳೆ."

"ನಮ್ಮನೇಲಿ ಬೇರೆ ಮಕ್ಕಳಿರಲಿಲ್ಲ," ಅಂದೆ ನಾನು. "ಮೂರೂವರೆ ವರ್ಷ ಇದ್ದೆ ನೀನು."

ತಂಗಿ ತಟ್ಟೆಯನ್ನು ಕೆಳಗಿಟ್ಟು, ಅನ್ನ ಆರುತ್ತದೆ ತಿನ್ನು ಅಂತ ಹೇಳಿ, ನನ್ನ ಮೊಣಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಅಲ್ಲಿ ಅವಳು ಕೂಗಾಡಲಿಲ್ಲ. ನಾಳೆ ಬೀಗರು ಬರುತ್ತಾರೆ, ಹುಟ್ಟಿದ ಮಗಳನ್ನು ಕೊಟ್ಟುಬಿಟ್ಟವರು ಅಂತ ಅವರಿಗೆ ಗೊತ್ತಾದರೆ ನಮ್ಮ ಮನೆಯ ಮರ್ಯಾದೆ ಏನಾಗಬೇಕು ಅಂದಳು. ಹಳೇ ಬಟ್ಟೆ ತಂದದ್ದಕ್ಕೆ ನನ್ನ ತಕರಾರಿಲ್ಲ, ಹಸುಗೂಸಿಗೆ ಹಳೇದೇ ಒಳ್ಳೆಯದು, ಆದರೆ ನೀನು ತಂದದ್ದು ಬಟ್ಟೆಯಲ್ಲ ಅಂದಳು. ಕೊನೆಗೆ, "ಇಷ್ಟು ವರ್ಷ ಆದ್ಮೇಲೆ ಏನು ಬೇಕಿತ್ತಕ್ಕ ನಿಂಗೆ?" ಅಂತ ಕೇಳಿದಳು.

ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ವಯಸ್ಸಿನ ಪ್ರಕಾರ ತುಂಡು ಜೋಡಿಸಿದ ದಿನವೇ ಗೊತ್ತಿತ್ತು. ಹುಟ್ಟುವ ಮಗುವಿಗೆ ಚಳಿಯಾಗುತ್ತದೆ ಅಂತ ನಾನು ಸೂಜಿ ಹಿಡಿದದ್ದಲ್ಲ. ಇವಳು ನನ್ನ ಬಳಿ ಇದ್ದದ್ದು ನಿಜ ಅಂತ ಯಾರಾದರೂ ಒಬ್ಬರು ಒಪ್ಪಿಕೊಳ್ಳಬೇಕಾಗಿತ್ತು. ಅದಕ್ಕೆ ಬಾಣಂತಿಯ ಮಂಚವನ್ನು ಆರಿಸಿಕೊಂಡೆ.

ಮರುದಿನ ನಾಮಕರಣಕ್ಕೆ ನಿಂತೆ. ತೊಟ್ಟಿಲಿಗೆ ಬೀಗರು ತಂದ ಹೊಸ ಹಾಸಿಗೆ ಹಾಕಿದ್ದರು. ನನ್ನದು ಬೀರುವಿನ ಮೇಲೆ, ಟವೆಲಿನಲ್ಲಿ ಸುತ್ತಿದಂತೆಯೇ ಇತ್ತು. ಮುತ್ತೈದೆಯರೆಲ್ಲ ಒಬ್ಬೊಬ್ಬರಾಗಿ ತೊಟ್ಟಿಲು ತೂಗಿದರು. ನನ್ನನ್ನು ಕರೆಯಲಿಲ್ಲ. ಹುಡುಗಿ ಒಮ್ಮೆ ನನ್ನ ಕಡೆ ನೋಡಿ ತಕ್ಷಣ ಮಗುವಿನ ಕಡೆ ಬಾಗಿದಳು. ಊಟ ಮಾಡಿ ಎರಡು ಗಂಟೆಯ ಬಸ್ಸು ಹಿಡಿದೆ.

ಹದಿನೈದು ದಿನ ಬಿಟ್ಟು ಹುಡುಗಿ ಫೋನ್ ಮಾಡಿದಳು. ಅವಳು ನನಗೆ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು. ಅಮ್ಮನನ್ನು ಕೇಳಿದೆ, ಎಲ್ಲ ಹೇಳಿದರು ಅಂದಳು. ಅಪ್ಪನ ಅಮ್ಮನ ಸಿಟ್ಟು, ಅಪ್ಪ ಮನೆಗೆ ಬಾರದೇ ಇದ್ದದ್ದು, ಅಕ್ಕ ಸತ್ತದ್ದು, ಎಲ್ಲವನ್ನೂ. ಇನ್ನೇನು ಇವಳು ನನ್ನನ್ನು ಅಮ್ಮ ಅನ್ನುತ್ತಾಳೆ ಅಂತ ನನ್ನ ಮನಸ್ಸು ಕಾಯುತ್ತಿತ್ತು. ನಾಚಿಕೆಯಾಗುತ್ತದೆ, ಆದರೂ ಅದು ನಿಜ.

"ಅಮ್ಮ ನನ್ನ ಕೊಟ್ಟುಬಿಟ್ರು," ಅಂದಳು. "ಅವರಿಗೆ ಬೇಡವಾಗಿತ್ತು, ಅರ್ಥ ಆಗುತ್ತೆ. ನಿಮಗೆ ಬೇಕಾಗಿತ್ತಲ್ಲ ದೊಡ್ಡಮ್ಮ. ನೀವ್ಯಾಕೆ ವಾಪಸ್ ಕೊಟ್ರಿ?"

ಪತ್ರ ಇರಲಿಲ್ಲ ಅಂದೆ. ನಿಮ್ಮಜ್ಜಿ ಒತ್ತಾಯ ಮಾಡಿದರು ಅಂದೆ. ನಿಮ್ಮಮ್ಮನಿಗೆ ಮಗಳು ಹೋಗಿದ್ದಳು, ನಾನು ಹೇಗೆ ಇಲ್ಲವೆನ್ನಲಿ ಅಂದೆ. ಎಲ್ಲವೂ ನಿಜವೇ.

"ಒಂದ್ಸಲಾದ್ರೂ ಇಲ್ಲ ಅಂದ್ರಾ?"

ಆ ಪ್ರಶ್ನೆಯನ್ನು ಇಪ್ಪತ್ತು ವರ್ಷದಲ್ಲಿ ಯಾರೂ ನನಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ತಂಗಿಯನ್ನು ಬೈದುಕೊಂಡೆ, ಅಮ್ಮನನ್ನು ಸತ್ತ ಮೇಲೂ ಬೈದುಕೊಂಡೆ, ಗಂಡನ ಜೊತೆ ದಿನಗಟ್ಟಲೆ ಮಾತು ಬಿಟ್ಟೆ. ತಂಗಿಗೆ ಚುಚ್ಚುವ ಒಂದು ಮಾತು ಆಡಿದೆನೇ ಹೊರತು, ಕೊಡುವುದಿಲ್ಲ ಅನ್ನುವ ಒಂದು ಮಾತು ನನ್ನ ಬಾಯಿಂದ ಬಂದಿರಲಿಲ್ಲ.

"ಇಲ್ಲ," ಅಂದೆ.

ಮಗು ಎದ್ದಿದೆ ಅಂತ ಹೇಳಿ ಅವಳು ಫೋನ್ ಇಟ್ಟಳು.

ಇದಾಗಿ ಏಳು ತಿಂಗಳಾಯಿತು. ತಂಗಿ ಮಾತು ಬಿಟ್ಟಿದ್ದಾಳೆ. ಅವಳ ಮನೆಯ ಗೃಹಪ್ರವೇಶದ ಕಾಗದ ನನ್ನ ಗಂಡನ ಹೆಸರಿಗೆ ಮಾತ್ರ ಬಂತು. ಅವರು ಹೋಗಿ ಬಂದರು. ಹುಡುಗಿ ಗಂಡನ ಮನೆಗೆ ವಾಪಸ್ ಹೋಗಿದ್ದಾಳೆ, ಅವಳೂ ಅವಳ ಅಮ್ಮನೂ ಈಗ ಮೊದಲಿನ ಹಾಗೆ ಕೂತು ಮಾತಾಡುವುದಿಲ್ಲ ಅಂತ ಹೇಳಿದರು. ಅದನ್ನು ಕೇಳಿದಾಗ ನನಗೊಂದು ಗಳಿಗೆ ಹಿತವಾಯಿತು. ಒಂದು ಗಳಿಗೆ ಮಾತ್ರ. ಒಬ್ಬಳೇ ತಾಯಿ ಇದ್ದಳು ಅವಳಿಗೆ, ಯಾವ ಅನುಮಾನವೂ ಇಲ್ಲದೆ ಇದ್ದಳು. ಅದನ್ನು ನಾನು ಹೋಗಿ ಕಿತ್ತುಕೊಂಡು ಬಂದೆ. ನನ್ನ ಕೈಗಂತೂ ಏನೂ ಬರಲಿಲ್ಲ.

ತಿಂಗಳಿಗೊಮ್ಮೆ ಅವಳು ಮೆಸೇಜು ಕಳಿಸುತ್ತಾಳೆ. ಮಗುವಿಗೆ ಚುಚ್ಚುಮದ್ದು ಆಯಿತು, ಹಲ್ಲು ಬಂತು, ಹೀಗೆ ಒಂದೊಂದು ಸಾಲು. ಬೊಂತೆಯ ಸುದ್ದಿಯನ್ನು ಅವಳೂ ಎತ್ತಿಲ್ಲ, ನಾನೂ ಕೇಳಿಲ್ಲ. ಹಲ್ಲು ಬರುವಾಗ ಜ್ವರ ಬಂದರೆ ಹೆದರಬೇಡ ಅಂತ ಬರೆದೆ. ಸರಿ ದೊಡ್ಡಮ್ಮ ಅಂತ ಉತ್ತರ ಬಂತು.